ಗ್ಯಾರಿಸನ್ ಸ್ಮಶಾನ, ಶ್ರೀರಂಗಪಟ್ಟಣ

ಗ್ಯಾರಿಸನ್ ಸ್ಮಶಾನವು ಕರ್ನಾಟಕದ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಕಾವೇರಿ ನದಿಯ ದಡದ ಮೇಲಿರುವ ಹಳೆಯ ಸೈನಿಕ ಸ್ಮಶಾನ. ಇದು ಬೆಂಗಳೂರು–ಮೈಸೂರು ಹೆದ್ದಾರಿಗೆ ಸಮೀಪದಲ್ಲಿದೆ. ಟಿಪ್ಪು ಸುಲ್ತಾನನ ಪತನಾನಂತರ ಇಲ್ಲಿ ಬೀಡುಬಿಟ್ಟಿದ್ದ ಕಾವಲುಪಡೆಯ ಯುರೋಪಿಯನ್ ಅಧಿಕಾರಿಗಳನ್ನೂ ಅವರ ಕುಟುಂಬದವರನ್ನೂ ಇಲ್ಲಿ ಹೂಳಲಾಗಿದೆ. ಸ್ಮಶಾನದಲ್ಲಿ ಸುಮಾರು 300 ಸಮಾಧಿಗಳಿವೆ. ಅವುಗಳಲ್ಲಿ ಸುಮಾರು 80 ಸಮಾಧಿಗಳು ಸ್ವಿಟ್ಜರ್ಲೆಂಡ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿಗೆ ಸಂಬಂಧಿಸಿದವೆಂದು ಎಣಿಸಲಾಗಿದೆ.

ಹಿನ್ನೆಲೆ

ನಾಲ್ಕನೆಯ ಆಂಗ್ಲೋ–ಮೈಸೂರು ಯುದ್ಧದ ಅಂತ್ಯದಲ್ಲಿ, 1799ರ ಮೇ 4ರಂದು, ಜನರಲ್ ಜಾರ್ಜ್ ಹ್ಯಾರಿಸ್‌ನ ಸೇನೆ ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟಿತು. ಲಗ್ಗೆಯ ನೇತೃತ್ವ ವಹಿಸಿದ್ದವನು ಡೇವಿಡ್ ಬೇರ್ಡ್. ಅಂದೇ ಟಿಪ್ಪು ಸುಲ್ತಾನ್ ಹೋರಾಡುತ್ತ ಮಡಿದನು. ನಂತರ ಕೋಟೆಯ ಆಡಳಿತ ಆರ್ಥರ್ ವೆಲ್ಲೆಸ್ಲಿಯ ಕೈಸೇರಿತು. ದ್ವೀಪದಲ್ಲಿ ಕಂಪನಿಯ ಶಾಶ್ವತ ಸೇನಾನೆಲೆ ಏರ್ಪಟ್ಟಿತು.

ಈ ನೆಲೆ ಹೆಚ್ಚು ಕಾಲ ಉಳಿಯಲಿಲ್ಲ. ನದಿಯ ಕವಲುಗಳಿಂದಲೂ ಗದ್ದೆಗಳಿಂದಲೂ ಸುತ್ತುವರಿದ ದ್ವೀಪದಲ್ಲಿ ಜ್ವರದ ಹಾವಳಿ ವಿಪರೀತವಾಗಿತ್ತು. ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಆ ಕಾಲದ ವೈದ್ಯರು ನಂಬಿದ್ದರು. ಮಲೇರಿಯಾ ಹರಡುವುದು ಸೊಳ್ಳೆಗಳಿಂದ ಎಂಬುದು ಖಚಿತವಾದದ್ದು ಆ ಶತಮಾನದ ಕೊನೆಯಲ್ಲಿ. 1809ರಲ್ಲಿ ಸೇನಾನೆಲೆಯನ್ನು ಬೆಂಗಳೂರಿನ ದಂಡು ಪ್ರದೇಶಕ್ಕೆ ವರ್ಗಾಯಿಸಲಾಯಿತು. ಫಿರಂಗಿ ಗಾಡಿಗಳ ಕಾರ್ಖಾನೆ ಮಾತ್ರ ಶ್ರೀರಂಗಪಟ್ಟಣದಲ್ಲಿ ಇನ್ನೂ ಕೆಲವು ವರ್ಷ ಮುಂದುವರಿಯಿತು.

ಡಿ ಮ್ಯೂರಾನ್ ರೆಜಿಮೆಂಟ್

ನ್ಯೂಷಾಟೆಲ್‌ನ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರಾನ್ 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಕೂಲಿ ಸೈನಿಕರ ಈ ದಳವನ್ನು ಕಟ್ಟಿದನು. ಕೇಪ್ ಪ್ರಾಂತ್ಯದಲ್ಲಿ ಸೇವೆ ಸಲ್ಲಿಸಿದ ದಳ ಮುಂದೆ ಸಿಂಹಳಕ್ಕೆ ಬಂದಿತು. 1795ರಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸನು ಡಿ ಮ್ಯೂರಾನ್‌ನೊಡನೆ ಮಾಡಿಕೊಂಡ ಒಪ್ಪಂದದಂತೆ ದಳ ಬ್ರಿಟಿಷರ ಪಕ್ಷಕ್ಕೆ ಸೇರಿತು. ಮರುವರ್ಷ ಕೊಲಂಬೊ ಬ್ರಿಟಿಷರ ವಶವಾಯಿತು. 1799ರ ಮುತ್ತಿಗೆಯಲ್ಲಿ ಈ ದಳ ಪಾಲ್ಗೊಂಡಿತು. 1806ರಲ್ಲಿ ಅದು ಭಾರತವನ್ನು ಬಿಟ್ಟಿತು. 1813ರಲ್ಲಿ ಕೆನಡಾಕ್ಕೆ ಹೋಗಿ 1816ರಲ್ಲಿ ವಿಸರ್ಜನೆಗೊಂಡಿತು. ಹೀಗಾಗಿ ಮಂಡ್ಯ ಜಿಲ್ಲೆಯ ಈ ಸ್ಮಶಾನ ಸ್ವಿಟ್ಜರ್ಲೆಂಡಿನ ಇತಿಹಾಸಕ್ಕೂ ಸಂಬಂಧಿಸಿದ್ದಾಗಿದೆ.

ಸಮಾಧಿಗಳ ಸ್ವರೂಪ

ಸಮಾಧಿಗಳು ಇಟ್ಟಿಗೆ ಮತ್ತು ಗಾರೆಯಿಂದ ನಿರ್ಮಿತವಾಗಿವೆ. ಚೌಕ ಪೀಠದ ಮೇಲೆ ನಿಂತ ಮೊನಚು ಸ್ತಂಭಗಳು, ಪಿರಮಿಡ್ಡಿನ ಆಕಾರದವು, ನೆಲದ ಮಟ್ಟದ ಚಪ್ಪಟೆ ಹಾಸುಗಲ್ಲುಗಳು ಕಂಡುಬರುತ್ತವೆ. ಹೆಸರು, ಹುದ್ದೆ, ಮರಣದ ದಿನ ಮೊದಲಾದ ವಿವರಗಳನ್ನು ಗೋರಿಗೆ ಜೋಡಿಸಿದ ಶಿಲಾಫಲಕಗಳ ಮೇಲೆ ಕೆತ್ತಲಾಗುತ್ತಿತ್ತು. ಫಲಕ ಕಳಚಿ ಬಿದ್ದರೆ ಗೋರಿ ಉಳಿದರೂ ಹೆಸರು ಉಳಿಯುವುದಿಲ್ಲ.

ಇಲ್ಲಿರುವವರೆಲ್ಲರೂ 1799ರ ಲಗ್ಗೆಯಲ್ಲಿ ಮಡಿದವರೆಂಬ ಭಾವನೆ ಪ್ರಚಲಿತವಾಗಿದೆ. ಇದು ಸರಿಯಲ್ಲ. ಸ್ತ್ರೀಯರ ಹಾಗೂ ಶಿಶುಗಳ ಸಮಾಧಿಗಳೇ ಇದಕ್ಕೆ ಸಾಕ್ಷಿ. ಅವು ಯುದ್ಧಕ್ಕಿಂತ ಯುದ್ಧಾನಂತರದ ಕಾವಲಿನ ದಿನಗಳನ್ನು, ಅಂದಿನ ರೋಗರುಜಿನ ಮತ್ತು ಹೆರಿಗೆಯ ಸಾವುಗಳನ್ನು ಸೂಚಿಸುತ್ತವೆ. ಕೋಟೆಯ ಬಳಿ ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ ಸ್ತಂಭ ಮುತ್ತಿಗೆಯಲ್ಲಿ ಮಡಿದವರ ಸ್ಮಾರಕವೇ ಹೊರತು ಸಮಾಧಿಯಲ್ಲ. ಎರಡನ್ನೂ ಒಂದೆಂದು ಭಾವಿಸಿದರೆ ಶೋಧ ಹಾದಿ ತಪ್ಪುತ್ತದೆ.

ಸಮಾಧಿಗಳ ಪತ್ತೆ

ಇಂತಹ ಸ್ಮಶಾನದಲ್ಲಿ ಒಬ್ಬ ವ್ಯಕ್ತಿಯ ಸಮಾಧಿಯನ್ನು ಗುರುತಿಸಲು ನೆಲದ ಮೇಲಿನ ಕುರುಹು ಮತ್ತು ಕಾಗದದ ದಾಖಲೆ ಎರಡೂ ಬೇಕಾಗುತ್ತವೆ. ಮೊದಲು ಸ್ಮಶಾನದ ನಕ್ಷೆ ತಯಾರಿಸಿ ಪ್ರತಿ ಗೋರಿಗೂ ಸಂಖ್ಯೆ ಕೊಡಲಾಗುತ್ತದೆ. ಸವೆದ ಅಕ್ಷರಗಳು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ಮೃದುವಾದ ಕುಂಚ ಮತ್ತು ನೀರಿನ ಹೊರತು ಬೇರೇನನ್ನೂ ಬಳಸಬಾರದು. ಆಮ್ಲದಿಂದ ತೊಳೆದರೆ ಅಥವಾ ತಂತಿ ಕುಂಚದಿಂದ ಉಜ್ಜಿದರೆ ಅಳಿದುಳಿದ ಅಕ್ಷರಗಳೂ ಹಾಳಾಗುತ್ತವೆ.

ಓದಿದ್ದನ್ನು ದಾಖಲೆಗಳೊಡನೆ ಹೋಲಿಸಬೇಕು. ಕಂಪನಿಯ ಪಾದ್ರಿಗಳು ದೀಕ್ಷಾಸ್ನಾನ, ವಿವಾಹ ಮತ್ತು ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅವುಗಳ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ಈ ಪ್ರತಿಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ರೆಜಿಮೆಂಟುಗಳ ಹಾಜರಿ ಹಾಗೂ ಸಂಬಳ ಪಟ್ಟಿಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. 1976ರಲ್ಲಿ ಸ್ಥಾಪಿತವಾದ ದಕ್ಷಿಣ ಏಷ್ಯಾದ ಸ್ಮಶಾನಗಳ ಬ್ರಿಟಿಷ್ ಸಂಘವೂ ಸಮಾಧಿಲೇಖಗಳನ್ನು ಸಂಗ್ರಹಿಸುತ್ತ ಬಂದಿದೆ. ಮದ್ರಾಸ್ ಸೇನೆಯವರು ನೆಲೆಯಿಂದ ನೆಲೆಗೆ ವರ್ಗವಾಗುತ್ತಿದ್ದುದರಿಂದ ಒಂದೇ ಕುಟುಂಬದ ಸಮಾಧಿಗಳು ಬೇರೆ ಬೇರೆ ಊರುಗಳಲ್ಲಿರುವುದುಂಟು. ಅಂಥವುಗಳ ಶೋಧಕ್ಕೆ ಜೆ. ಜೆ. ಕಾಟನ್ 1905ರಲ್ಲಿ ಪ್ರಕಟಿಸಿದ ಮದ್ರಾಸ್ ಪ್ರಾಂತ್ಯದ ಸಮಾಧಿಲೇಖಗಳ ಪಟ್ಟಿ ನೆರವಾಗುತ್ತದೆ.

ಈ ದಾಖಲೆಗಳಿಗೂ ಮಿತಿಗಳಿವೆ. ಪಾದ್ರಿಯಿಲ್ಲದ ಕಡೆ ನಡೆದ ಸಂಸ್ಕಾರಗಳು ಪುಸ್ತಕ ಸೇರದೆ ಹೋಗಿರಬಹುದು. ಕ್ಯಾಥೊಲಿಕರ ವಿವರಗಳು ಅವುಗಳಲ್ಲಿ ವಿರಳ. ಫ್ರೆಂಚ್ ಮತ್ತು ಜರ್ಮನ್ ಹೆಸರುಗಳನ್ನು ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುವ ಸಾಧ್ಯತೆಯಿರುವುದರಿಂದ ಒಂದೇ ಹೆಸರನ್ನು ಹಲವು ಕಾಗುಣಿತಗಳಲ್ಲಿ ಹುಡುಕಬೇಕಾಗುತ್ತದೆ.

ಐತಿಹ್ಯ ಮತ್ತು ದಾಖಲೆ

ದಾಖಲೆಯು ಐತಿಹ್ಯವನ್ನು ತಿದ್ದಿದ ಒಂದು ಉದಾಹರಣೆ ಇದೇ ಸ್ಮಶಾನದಲ್ಲಿದೆ. ಫಿರಂಗಿ ಗಾಡಿ ಕಾರ್ಖಾನೆಯ ಅಧಿಕಾರಿಯಾಗಿದ್ದ ಕರ್ನಲ್ ಸ್ಕಾಟ್ ಒಂದು ದಿನ ಮನೆಗೆ ಮರಳಿದಾಗ ಪತ್ನಿಯೂ ಮಕ್ಕಳೂ ಕಾಲರಾಕ್ಕೆ ತುತ್ತಾಗಿದ್ದರೆಂದೂ, ಅವನು ದುಃಖದಿಂದ ಕಣ್ಮರೆಯಾದನೆಂದೂ ಕಥೆಯಿದೆ. ನದಿಯ ದಡದಲ್ಲಿದ್ದ ಅವನ ಮನೆ ಇಂದಿಗೂ ಸ್ಕಾಟ್ಸ್ ಬಂಗಲೆ ಎಂದೇ ಪ್ರಸಿದ್ಧ. ಆದರೆ ದಾಖಲೆಗಳ ಪ್ರಕಾರ ಅವನ ಪತ್ನಿ ಕ್ಯಾರೊಲಿನ್ ಇಸಬೆಲ್ಲಾ 1817ರಲ್ಲಿ ಹೆರಿಗೆಯ ವೇಳೆ ತೀರಿಕೊಂಡಳು. ಆಕೆಯ ಸಮಾಧಿ ಈ ಸ್ಮಶಾನದಲ್ಲಿದೆ. ಸ್ಕಾಟ್ ಕಣ್ಮರೆಯಾಗದೆ ಇಂಗ್ಲೆಂಡಿಗೆ ಹಿಂದಿರುಗಿದನು.

ಹೆಸರುಳಿಯದವರು

ಶಿಲಾಫಲಕ ಮಾಡಿಸಲು ಹಣ ಬೇಕಾಗಿತ್ತು. ಆದ್ದರಿಂದ ಹೆಸರುಳ್ಳ ಸಮಾಧಿಗಳಲ್ಲಿ ಅಧಿಕಾರಿಗಳದೂ ಅವರ ಕುಟುಂಬದವರದೂ ಹೆಚ್ಚು. ಸಾಮಾನ್ಯ ಸಿಪಾಯಿಗಳಿಗೆ ಆ ಅನುಕೂಲವಿರಲಿಲ್ಲ. ಕಂಪನಿಯ ಪರವಾಗಿ ಹೋರಾಡಿದ ಮದ್ರಾಸ್ ಸೇನೆಯ ಭಾರತೀಯ ಸಿಪಾಯಿಗಳು ಇಲ್ಲಿನ ಗೋರಿಗಳಲ್ಲಿಲ್ಲ. ಪಾದ್ರಿಗಳ ಪುಸ್ತಕಗಳು ಕ್ರೈಸ್ತರಿಗಷ್ಟೇ ಸೀಮಿತವಾಗಿದ್ದುದರಿಂದ ಅಲ್ಲಿಯೂ ಅವರ ಹೆಸರಿಲ್ಲ. ಕೋಟೆಯನ್ನು ರಕ್ಷಿಸುತ್ತ ಮಡಿದ ಮೈಸೂರಿನ ಸೈನಿಕರ ಸ್ಥಿತಿಯೂ ಹೀಗೆಯೇ. ಅವರ ದೊರೆ ಗುಂಬಜ್‌ನಲ್ಲಿ ತಂದೆ ಹೈದರಾಲಿಯ ಪಕ್ಕದಲ್ಲಿ ಮಲಗಿದ್ದಾನೆ; ಅವನೊಡನೆ ಮಡಿದ ಸಾಮಾನ್ಯ ಸೈನಿಕರ ಹೆಸರುಗಳನ್ನು ಹೇಳುವ ಕಲ್ಲುಗಳಿಲ್ಲ. ಈ ಸ್ಮಶಾನದ ಫಲಕಗಳನ್ನು ಓದುವಾಗ, ಅವು ಆ ಕಾಲದ ಮೃತರಲ್ಲಿ ಒಂದು ಸಣ್ಣ ಭಾಗವನ್ನಷ್ಟೇ ಪ್ರತಿನಿಧಿಸುತ್ತವೆ ಎಂಬುದನ್ನು ಗಮನದಲ್ಲಿಡಬೇಕು.

ಜೀರ್ಣೋದ್ಧಾರ

ದೀರ್ಘಕಾಲ ಪಾಳುಬಿದ್ದಿದ್ದ ಸ್ಮಶಾನವನ್ನು 21ನೆಯ ಶತಮಾನದ ಮೊದಲ ದಶಕದಲ್ಲಿ ಡಿ ಮ್ಯೂರಾನ್ ವಂಶಸ್ಥರ ನೆರವಿನಿಂದ ದುರಸ್ತಿ ಮಾಡಲಾಯಿತು. ಈ ಕಾರ್ಯದಲ್ಲಿ ಕೊಡಗಿನ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಸಹಕರಿಸಿತು. ಗಾರೆಯ ಗೋರಿಗಳಿಗೆ ಮಳೆನೀರು ಮತ್ತು ಬಿರುಕುಗಳಲ್ಲಿ ಬೇರುಬಿಡುವ ಗಿಡಗಳು ಮುಖ್ಯ ಅಪಾಯಗಳು. ಆದ್ದರಿಂದ ನಿಯತ ನಿರ್ವಹಣೆಯ ಜೊತೆಗೆ, ಈಗ ಓದಲು ಸಾಧ್ಯವಿರುವ ಪ್ರತಿಯೊಂದು ಫಲಕದ ಛಾಯಾಚಿತ್ರ ಮತ್ತು ಪಾಠವನ್ನು ದಾಖಲಿಸಿಡುವುದೂ ಸಂರಕ್ಷಣೆಯ ಮುಖ್ಯ ಭಾಗವಾಗಿದೆ.