ನಕ್ಷೆಯಲ್ಲಿ ಇರದ ಊರು



ಇವತ್ತು ಸ್ವಲ್ಪ ಉದ್ದ ಬರೀತಿದ್ದೀನಿ, ದಯವಿಟ್ಟು ಪೂರ್ತಿ ಓದಿ.

ಇಪ್ಪತ್ತು ವರ್ಷದಿಂದ ಕಡತ ನೋಡ್ತಿರೋ ಗುಮಾಸ್ತ ನಾನು. ಕಲಿತ ಪಾಠ ಒಂದೇ: ದಾಖಲೆಯಲ್ಲಿ ಇಲ್ಲ ಅಂದ್ರೆ ಹಕ್ಕೂ ಇಲ್ಲ. ನಮ್ಮ ಕೇರಿಯವರು ಮೂರು ತಲೆಮಾರಿನಿಂದ ಹೆಣ ಹೂಳ್ತಿರೋ ಜಾಗಕ್ಕೆ ಅರ್ಜಿ ಕೊಟ್ರೆ, "ಪಹಣಿಯಲ್ಲಿ ಸ್ಮಶಾನ ಅಂತ ಇಲ್ವಲ್ಲ" ಅಂತಾರೆ. ಅದಕ್ಕೇ ಲಾವೋಸ್ ದೇಶದ ಲಾಂಗ್ ಚೆಂಗ್ ಕಥೆ ಓದಿದ ಮೇಲೆ ನನಗೆ ಸುಮ್ಮನಿರೋಕೆ ಆಗ್ಲಿಲ್ಲ.

ಲಾವೋಸಿನ ಉತ್ತರದಲ್ಲಿ, ಸುತ್ತ ಸುಣ್ಣದಕಲ್ಲಿನ ಬೆಟ್ಟಗಳ ನಡುವೆ ಒಂದು ಕಣಿವೆ. ಅಲ್ಲಿ ಹ್ಮಾಂಗ್ ಬುಡಕಟ್ಟಿನವರು ಬದುಕ್ತಿದ್ರು. ಬಯಲಿನವರು ಅವರನ್ನ ಕರೀತಿದ್ದದ್ದು 'ಮಿಯೊ' ಅಂತ. ಅದು ಹೀಯಾಳಿಸೋ ಹೆಸರು. ಹೆಸರಲ್ಲೇ ಅವಮಾನ ಇಡೋದು ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

1962ರ ಜಿನೀವಾ ಒಪ್ಪಂದದ ಪ್ರಕಾರ ಲಾವೋಸ್ ತಟಸ್ಥ ದೇಶ, ಹೊರಗಿನ ಸೈನ್ಯ ಇರಬಾರದು. ಉತ್ತರ ವಿಯೆಟ್ನಾಂ ಸೈನ್ಯ ಬಿಟ್ಟು ಹೋಗ್ಲಿಲ್ಲ. ಅಮೆರಿಕ ಬಹಿರಂಗವಾಗಿ ಸೈನ್ಯ ಕಳಿಸದೆ, ಸಿಐಎ ಮೂಲಕ ಹ್ಮಾಂಗ್ ಜನರ ಕೈಗೆ ಬಂದೂಕು ಕೊಡ್ತು. ಅವರ ಸೇನಾಪತಿ ವಾಂಗ್ ಪಾವ್. ಅವನ ಕೇಂದ್ರವೇ ಲಾಂಗ್ ಚೆಂಗ್. ಅಲ್ಲಿ ಸುಮಾರು 1,200 ಮೀಟರ್ ಉದ್ದದ ರನ್‌ವೇ ಆಯ್ತು, ಒಂದು ತುದಿಗೆ ಕಲ್ಲುಬೆಟ್ಟ ಅಡ್ಡ. ಹತ್ತಾರು ಸಾವಿರ ಜನ ಬಂದು ನೆಲೆಸಿದ ಊರು ಅದು, ಆದರೂ ಸಾಮಾನ್ಯ ನಕ್ಷೆಯಲ್ಲಿ ಅದರ ಹೆಸರಿಲ್ಲ. ಯಾಕಂದ್ರೆ ಆ ಯುದ್ಧವೇ 'ಇಲ್ಲ'.

ಯುದ್ಧದಿಂದ ಹೊಲ ಹಾಳಾಯ್ತು. ತಿನ್ನೋ ಅಕ್ಕಿಯನ್ನೂ ವಿಮಾನದಿಂದ ಉದುರಿಸಬೇಕಾಯ್ತು. ಊಟ ಕೊಡೋನ ಕೈಯಲ್ಲೇ ಬಂದೂಕೂ ಇದ್ರೆ ಬೇಡ ಅನ್ನೋದು ಹೇಗೆ? ಗಂಡಸರು ಸತ್ತು ಮುಗಿದ ಹಾಗೆ ಹುಡುಗರನ್ನೂ ಸೈನ್ಯಕ್ಕೆ ಸೇರಿಸಿದ್ರು. ಹ್ಮಾಂಗರಲ್ಲೇ ಕೆಲವರು ಕಮ್ಯುನಿಸ್ಟರ ಕಡೆಗೂ ಇದ್ರು, ಅದನ್ನ ಮುಚ್ಚಿಡಬಾರದು. ಎರಡೂ ಕಡೆ ಸತ್ತವರು ಬೆಟ್ಟದವರೇ. 1964ರಿಂದ 1973ರವರೆಗೆ ಅಮೆರಿಕ ಆ ಪುಟ್ಟ ದೇಶದ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬ್ ಹಾಕಿತು. ಸಿಡಿಯದೆ ಉಳಿದವು ಈಗಲೂ ಹೊಲದಲ್ಲಿ ಸಿಗ್ತಿವೆ.

1975ರ ಮೇ ತಿಂಗಳು. ಸೋಲು ಖಚಿತ ಆದಾಗ ವಿಮಾನ ಬಂದಿದ್ದು ಕೆಲವೇ ಕೆಲವು. ಅಧಿಕಾರಿಗಳು, ಅವರ ಕುಟುಂಬದವರು ಅಂತ ಎರಡೂವರೆ ಸಾವಿರದಷ್ಟು ಜನ ಹತ್ತಿದ್ರು. 14ನೇ ತಾರೀಖು ವಾಂಗ್ ಪಾವ್ ಕೂಡ ಹೊರಟ. ರನ್‌ವೇ ಪಕ್ಕ ಕಾಯ್ತಾ ನಿಂತ ಸಾವಿರಾರು ಜನ ಅಲ್ಲೇ ಉಳಿದ್ರು. ಎಷ್ಟೋ ಜನ ಕಾಡಲ್ಲಿ ನಡೆದು, ಮೆಕಾಂಗ್ ನದಿ ದಾಟಿ ಥಾಯ್ಲೆಂಡ್ ಸೇರಿದ್ರು. ದಾಟೋವಾಗ ಸತ್ತವರೂ ಎಷ್ಟೋ.

ಈಗ ಆ ರನ್‌ವೇ ಹಳ್ಳಿಯ ನಡುವೆ ಸುಮ್ಮನೆ ಮಲಗಿದೆ. ವಿಮಾನ ಬರಲ್ಲ.

ಅಮೆರಿಕ ಸೇರಿದ ಹ್ಮಾಂಗರು ಮಾತ್ರ ಸುಮ್ಮನಿರಲಿಲ್ಲ. ನಾವೂ ನಿಮ್ಮ ಸೈನಿಕರು ಅಂತ ಕೇಳ್ತಾನೇ ಹೋದ್ರು. 1997ರಲ್ಲಿ ಆರ್ಲಿಂಗ್ಟನ್ ಸ್ಮಶಾನದಲ್ಲಿ ಒಂದು ಸ್ಮಾರಕ ಫಲಕ ಬಂತು. ಅರ್ಹರನ್ನು ರಾಷ್ಟ್ರೀಯ ಸೈನಿಕ ಸ್ಮಶಾನಗಳಲ್ಲಿ ಹೂಳಬಹುದು ಅನ್ನೋ ಕಾನೂನು ಬಂದಿದ್ದು 2018ರಲ್ಲಿ. ಊರು ಬಿಟ್ಟು 43 ವರ್ಷ ಆದಮೇಲೆ, ಆರಡಿ ಮೂರಡಿ ಜಾಗ!

ನಮ್ಮ ಕಥೆ ನೆನಪಿಸಿಕೊಳ್ಳಿ. 1818ರಲ್ಲಿ ಕೋರೆಗಾಂವ್‌ನಲ್ಲಿ ಬ್ರಿಟಿಷರಿಗಾಗಿ ಹೋರಾಡಿದ ಮಹಾರರನ್ನ, 1890ರ ದಶಕದಲ್ಲಿ ಅದೇ ಬ್ರಿಟಿಷರು ಸೇನಾ ಭರ್ತಿಯಿಂದ ಹೊರಗಿಟ್ರು. ಬಾಬಾಸಾಹೇಬರ ತಂದೆ ಸುಬೇದಾರ್ ಆಗಿದ್ದ ಸೈನ್ಯ ಅದು. ಆದರೆ ಕೋರೆಗಾಂವ್ ಕಂಬದ ಮೇಲೆ ಹೆಸರು ಕೆತ್ತಿತ್ತು. ಕೆತ್ತಿದ್ದಕ್ಕೇ ಇವತ್ತೂ ಜನವರಿ 1ಕ್ಕೆ ನಾವು ಅಲ್ಲಿ ಹೋಗಿ ನಿಲ್ತೀವಿ. ಲಾಂಗ್ ಚೆಂಗ್‌ನಲ್ಲಿ ಹೆಸರು ಬರೀಬಾರದು ಅನ್ನೋದೇ ಯೋಜನೆ. ಬರೆದ್ರೆ ಉತ್ತರ ಕೊಡಬೇಕಲ್ಲ.

ಅದಕ್ಕೇ ಕೇಳ್ಕೊಳ್ತೀನಿ: ನಿಮ್ಮ ಕೇರಿಯ ಸ್ಮಶಾನ ಪಹಣಿಯಲ್ಲಿ ಇದೆಯಾ, ನಾಳೆನೇ ತೆಗೆಸಿ ನೋಡಿ. ಇಲ್ಲದಿದ್ರೆ ಅರ್ಜಿ ಕೊಡಿ, ಸ್ವೀಕೃತಿ ಚೀಟಿ ಇಟ್ಕೊಳ್ಳಿ. ಹಿರಿಯರು ಎಲ್ಲಿ ದುಡಿದ್ರು, ಯಾರಿಗಾಗಿ ಸತ್ತರು ಅಂತ ಕೇಳಿ ಬರೆದಿಡಿ. ನಾವು ಬರೆಯದಿದ್ರೆ, 'ಇಲ್ಲ' ಅಂತ ಬರೆಯೋಕೆ ಬೇರೆಯವರು ಕಾಯ್ತಿದ್ದಾರೆ.

ಜೈ ಭೀಮ್.