ದೂರವಾಣಿ ತಂತಿಯ ಮೂಲಕ ಮನೆಗೆ ಬ್ರಾಡ್‌ಬ್ಯಾಂಡ್: ವಿಧಗಳು ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಸ್ಥಿರ ದೂರವಾಣಿ ಇರುವ ಮನೆಗೆ ಅದೇ ಜೋಡಿ ತಾಮ್ರದ ತಂತಿಯ ಮೂಲಕ ಅಂತರ್ಜಾಲ ಸಂಪರ್ಕ ಒದಗಿಸುವ ವಿಧಾನಗಳು ಹಲವು. ಯೋಜನೆಯಲ್ಲಿ ನಮೂದಿಸಿರುವ ವೇಗವೆಲ್ಲವೂ ಮನೆಯನ್ನು ತಲುಪುತ್ತದೆ ಎಂದು ಭಾವಿಸಿ ಹೆಚ್ಚಿನ ಬಾಡಿಗೆಯ ಯೋಜನೆಯನ್ನು ಆರಿಸಿಕೊಂಡು, ಪಡೆಯದ ವೇಗಕ್ಕೆ ಪ್ರತಿ ತಿಂಗಳೂ ಹಣ ತೆರುವ ಚಂದಾದಾರರು ಇರುವುದರಿಂದ ಈ ಮಾಹಿತಿಯನ್ನು ನೀಡಲಾಗಿದೆ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯು 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮದಿಂದ ಆರಂಭವಾಯಿತು. ಆ ಕಾಲದ ಡಯಲ್-ಅಪ್ ವಿಧಾನವು ಕ್ರಮೇಣ ಸೆಕೆಂಡಿಗೆ ಗರಿಷ್ಠ 56 ಕಿಲೋಬಿಟ್ ವೇಗವನ್ನು ಮುಟ್ಟಿತು. ಅಂತರ್ಜಾಲ ಬಳಕೆಯಲ್ಲಿರುವಾಗ ಕರೆ ಮಾಡಲಾಗುತ್ತಿರಲಿಲ್ಲ. ಐ.ಎಸ್.ಡಿ.ಎನ್. ವಿಧಾನದಲ್ಲಿ 64 ಕಿಲೋಬಿಟ್‌ನ ಎರಡು ವಾಹಿನಿಗಳು ಸೇರಿ 128 ಕಿಲೋಬಿಟ್ ದೊರೆಯುತ್ತಿತ್ತು. ಇವೆರಡೂ ಬ್ರಾಡ್‌ಬ್ಯಾಂಡ್ ಅಲ್ಲ. 2004ರ ಬ್ರಾಡ್‌ಬ್ಯಾಂಡ್ ನೀತಿಯು ಕನಿಷ್ಠ 256 ಕಿಲೋಬಿಟ್ ಎಂದು ನಿಗದಿಪಡಿಸಿತ್ತು. 2023ರ ಜನವರಿಯಲ್ಲಿ ಈ ಮಿತಿಯನ್ನು 2 ಮೆಗಾಬಿಟ್‌ಗೆ ಏರಿಸಲಾಯಿತು.

ಮನೆಗಳಲ್ಲಿ ಹೆಚ್ಚು ಬಳಕೆಗೆ ಬಂದದ್ದು ಎ.ಡಿ.ಎಸ್.ಎಲ್. ಮನುಷ್ಯನ ಧ್ವನಿಗೆ ತಂತಿಯಲ್ಲಿ ಸುಮಾರು 4 ಕಿಲೋಹರ್ಟ್ಸ್‌ವರೆಗಿನ ಆವರ್ತನ ಸಾಕು; ಅದಕ್ಕಿಂತ ಮೇಲಿನ, ಸುಮಾರು 1.1 ಮೆಗಾಹರ್ಟ್ಸ್‌ವರೆಗಿನ ಭಾಗವನ್ನು ಅಂತರ್ಜಾಲಕ್ಕೆ ಬಳಸಲಾಗುತ್ತದೆ. ಆದ್ದರಿಂದಲೇ ಮಾತು ಮತ್ತು ಅಂತರ್ಜಾಲ ಏಕಕಾಲದಲ್ಲಿ ಸಾಗುತ್ತವೆ. ಇವೆರಡನ್ನು ಬೇರ್ಪಡಿಸುವ ಸ್ಪ್ಲಿಟರ್ ಎಂಬ ಸಣ್ಣ ಪೆಟ್ಟಿಗೆಯನ್ನು ಬಿಟ್ಟು ಮತ್ತೊಂದು ಕೋಣೆಗೆ ಸಮಾನಾಂತರ ದೂರವಾಣಿ ಜೋಡಿಸಿದಲ್ಲಿ, ಗಂಟೆ ಬಾರಿಸಿದಾಗಲೆಲ್ಲ ಸಂಪರ್ಕ ಕಡಿಯಬಹುದು. ಈ ದೋಷಕ್ಕೆ ಮೋಡೆಮ್ ಬದಲಾಯಿಸುವ ಅಗತ್ಯವಿಲ್ಲ.

ಎ.ಡಿ.ಎಸ್.ಎಲ್.ನಲ್ಲಿ ಗರಿಷ್ಠ 8 ಮೆಗಾಬಿಟ್, ಎ.ಡಿ.ಎಸ್.ಎಲ್.2+ನಲ್ಲಿ ಗರಿಷ್ಠ 24 ಮೆಗಾಬಿಟ್ ವೇಗ ಸಾಧ್ಯ. ಇದು ಮನೆಯತ್ತ ಬರುವ ವೇಗ. ಮನೆಯಿಂದ ಹೊರಹೋಗುವ ವೇಗವು ಸಾಮಾನ್ಯವಾಗಿ 1 ಮೆಗಾಬಿಟ್‌ನ ಆಸುಪಾಸಿನಲ್ಲಿಯೇ ಇರುತ್ತದೆ. ಆನ್‌ಲೈನ್ ತರಗತಿ ಅಥವಾ ವಿಡಿಯೊ ಕರೆಗಾಗಿ ಸಂಪರ್ಕ ಬಯಸುವವರು ಈ ಎರಡನೆಯ ಅಂಕಿಯನ್ನು ವಿಚಾರಿಸತಕ್ಕದ್ದು. ಜಾಹೀರಾತುಗಳಲ್ಲಿ ಅದು ವಿರಳವಾಗಿ ಕಾಣಸಿಗುತ್ತದೆ.

ಗರಿಷ್ಠ ಎಂಬ ಪದವೇ ಇಲ್ಲಿ ಮುಖ್ಯ. ತಂತಿ ಉದ್ದವಾದಷ್ಟೂ ಸಂಕೇತ ಕ್ಷೀಣಿಸುತ್ತದೆ, ಮೇಲಿನ ಆವರ್ತನಗಳು ಮೊದಲು ಕ್ಷೀಣಿಸುತ್ತವೆ. ವಿನಿಮಯ ಕೇಂದ್ರದಿಂದ ಸ್ಥೂಲವಾಗಿ 3 ಕಿಲೋಮೀಟರ್ ದಾಟಿದರೆ ಎ.ಡಿ.ಎಸ್.ಎಲ್.ಗೂ 2+ಗೂ ಹೆಚ್ಚಿನ ಅಂತರ ಉಳಿಯುವುದಿಲ್ಲ. 5 ಕಿಲೋಮೀಟರ್ ಆಚೆಗೆ ಸಂಪರ್ಕ ನಿಲ್ಲುವುದೇ ಕಷ್ಟ. ಇದು ತಂತಿಯ ದೂರವೇ ಹೊರತು ಕಣ್ಣಳತೆಯ ದೂರವಲ್ಲ. ಕೇಂದ್ರದ ಕಟ್ಟಡ ಮನೆಯಂಗಳದಿಂದ ಕಾಣುತ್ತಿದ್ದರೂ ಕೇಬಲ್ ಊರು ಸುತ್ತಿ ಬಂದಿರಬಹುದು. ಮಲೆನಾಡಿನ ತೋಟದ ಮನೆಗಳಿಗೆ ಉದ್ದನೆಯ ತಂತಿಯ ಜೊತೆಗೆ ಮಳೆಗಾಲದಲ್ಲಿ ನೀರು ಇಳಿದ ಜೋಡಣೆಗಳ ತೊಂದರೆಯೂ ಸೇರುತ್ತದೆ. ಸಿಡಿಲಿನ ಸಂದರ್ಭದಲ್ಲಿ ಮೋಡೆಮ್‌ನ ವಿದ್ಯುತ್ ಮತ್ತು ದೂರವಾಣಿ ತಂತಿಗಳೆರಡನ್ನೂ ಕಳಚಿಡುವುದು ಕ್ಷೇಮ.

ಈಗಾಗಲೇ ಸಂಪರ್ಕ ಹೊಂದಿರುವವರು ಮೋಡೆಮ್‌ನ ಸ್ಥಿತಿ ಪುಟದಲ್ಲಿ ತಂತಿಯ ಕ್ಷೀಣತೆಯನ್ನು ಡೆಸಿಬಲ್‌ಗಳಲ್ಲಿ ನೋಡಬಹುದು. 30ಕ್ಕಿಂತ ಕಡಿಮೆಯಿದ್ದರೆ ತಂತಿ ಉತ್ತಮ. 60 ದಾಟಿದ್ದರೆ ಹೆಚ್ಚಿನ ವೇಗದ ಯೋಜನೆಗೆ ಬದಲಾಗುವುದರಿಂದ ಪ್ರಯೋಜನವಿಲ್ಲ.

ವಿ.ಡಿ.ಎಸ್.ಎಲ್.2 ವಿಧಾನವು 100 ಮೆಗಾಬಿಟ್‌ವರೆಗೆ ನೀಡಬಲ್ಲದಾದರೂ ಅದು ಕೆಲವು ನೂರು ಮೀಟರ್‌ಗಳ ಒಳಗೆ ಮಾತ್ರ. ಬಹುಮಹಡಿ ವಸತಿ ಸಮುಚ್ಚಯಗಳಿಗೆ ಇದು ಸೂಕ್ತ.

ಹೊಸ ಸಂಪರ್ಕಗಳನ್ನು ಈಗ ಬಹುತೇಕ ಆಪ್ಟಿಕಲ್ ಫೈಬರ್ ಮೂಲಕವೇ ನೀಡಲಾಗುತ್ತಿದೆ. ಫೈಬರ್ ಲಭ್ಯವಿರುವ ಬಡಾವಣೆಯಲ್ಲಿ ತಾಮ್ರದ ತಂತಿಗೆ ಅರ್ಜಿ ಸಲ್ಲಿಸಲು ಕಾರಣ ಕಾಣುವುದಿಲ್ಲ. ಆದರೆ ಒಂದು ವಿಷಯ ತಿಳಿದಿರಲಿ: ತಾಮ್ರದ ತಂತಿಯ ಸಾಮಾನ್ಯ ದೂರವಾಣಿಗೆ ವಿನಿಮಯ ಕೇಂದ್ರದಿಂದಲೇ ವಿದ್ಯುತ್ ಬರುತ್ತದೆ, ಫೈಬರ್ ದೂರವಾಣಿಗೆ ಮನೆಯ ವಿದ್ಯುತ್ ಬೇಕು. ಆಗಾಗ್ಗೆ ವಿದ್ಯುತ್ ಕಡಿತವಾಗುವ ಊರುಗಳಲ್ಲಿ, ಅದರಲ್ಲೂ ಹಿರಿಯರು ಒಂಟಿಯಾಗಿರುವ ಮನೆಗಳಲ್ಲಿ, ಬ್ಯಾಟರಿ ವ್ಯವಸ್ಥೆ ಮಾಡಿಕೊಂಡ ನಂತರವೇ ಹಳೆಯ ತಂತಿಯನ್ನು ಹಿಂದಿರುಗಿಸುವುದು ಒಳಿತು.

ವೇಗವನ್ನು ಬಿಟ್‌ಗಳಲ್ಲಿ, ಕಡತಗಳ ಗಾತ್ರವನ್ನು ಬೈಟ್‌ಗಳಲ್ಲಿ ಹೇಳುವುದು ರೂಢಿ. 8 ಬಿಟ್‌ಗೆ 1 ಬೈಟ್. ಆದಕಾರಣ 2 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಕಾಲು ಮೆಗಾಬೈಟ್ ಬಂದರೆ ಅದು ದೋಷವಲ್ಲ. ಅದಕ್ಕಿಂತ ಬಹಳ ಕಡಿಮೆಯಿದ್ದಲ್ಲಿ ಸೇವಾದಾರರ ದೂರು ಕೇಂದ್ರದಲ್ಲಿ ದೂರು ದಾಖಲಿಸಿ ಡಾಕೆಟ್ ಸಂಖ್ಯೆಯನ್ನು ತಪ್ಪದೆ ಪಡೆಯತಕ್ಕದ್ದು. ಪರಿಹಾರ ತೃಪ್ತಿಕರವಾಗಿಲ್ಲದಿದ್ದಲ್ಲಿ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಸದರಿ ಸಂಖ್ಯೆಯನ್ನು ನಮೂದಿಸಿ ಮನವಿ ಸಲ್ಲಿಸಬಹುದಾಗಿದೆ.