ಋತುವಿಷಾದವೂ ಗೋದಾವರೀ ಪ್ರಾಂತದ ಪ್ರಾಚೀನ ಏರ್ಪಾಡುಗಳೂ

ಋತುವಿಗೂ ಮನಸ್ಸಿಗೂ ಇರುವ ನಂಟನ್ನು ಕವಿಗಳು ಬಹುಕಾಲದಿಂದ ವರ್ಣಿಸುತ್ತ ಬಂದಿರುವರಾದರೂ, ವೈದ್ಯಶಾಸ್ತ್ರವು ಆ ನಂಟಿಗೆ ಒಂದು ವ್ಯಾಧಿಯ ಹೆಸರನ್ನು ಕೊಟ್ಟುದು ತೀರ ಈಚೆಗೆ. ಶರತ್ಕಾಲದಲ್ಲಿ ತಲೆದೋರಿ ವಸಂತದಲ್ಲಿ ತಾನಾಗಿ ಇಳಿದುಹೋಗುವ, ವರ್ಷವರ್ಷವೂ ಮರುಕಳಿಸುವ ಖಿನ್ನತೆಯನ್ನು ಅಮೆರಿಕದ ನಾರ್ಮನ್ ರೋಸೆಂಥಾಲರೂ ಅವರ ಸಹೋದ್ಯೋಗಿಗಳೂ 1984ರಲ್ಲಿ ಪ್ರತ್ಯೇಕವಾಗಿ ವಿವರಿಸಿದರು. ಪ್ರಖರವಾದ ಕೃತಕ ಬೆಳಕು ಅದಕ್ಕೆ ಚಿಕಿತ್ಸೆಯಾಗಬಲ್ಲುದೆಂಬುದನ್ನೂ ತಿಳಿಸಿದರು. ಅತಿನಿದ್ರೆ, ಜಡತೆ, ಜನಸಂಗದಲ್ಲಿ ನಿರಾಸಕ್ತಿ ಇವು ಅದರ ಮುಖ್ಯ ಲಕ್ಷಣಗಳು. ಇದನ್ನು ಇಲ್ಲಿ 'ಋತುವಿಷಾದ'ವೆಂದು ಕರೆಯಬಹುದು.

ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನ ಹಗಲು ಆರು ಗಂಟೆಗಳಷ್ಟು ಮಾತ್ರ. 20ನೆಯ ಅಕ್ಷಾಂಶದ ಮೇಲಿರುವ ನಾಸಿಕದಲ್ಲಾದರೋ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಳಿಗೆ ಸಮೀಪವಾಗಿದೆ. ಆದುದರಿಂದ ಉತ್ತರ ಯುರೋಪಿನ ವ್ಯಾಧಿಯನ್ನು ಇದ್ದಂತೆಯೇ ಗೋದಾವರೀ ತೀರಕ್ಕೆ ತಂದು ಹೊಂದಿಸುವುದು ಸರಿಯಲ್ಲ. ಇಲ್ಲಿ ಬೆಳಕು ಕುಗ್ಗುವುದು ಚಳಿಗಾಲದಲ್ಲಿ ಅಷ್ಟಾಗಿ ಅಲ್ಲ, ಮೋಡ ಕವಿದ ಮಳೆಗಾಲದಲ್ಲಿ. ಸಹ್ಯಾದ್ರಿಯ ಸೆರಗಿನಲ್ಲಿ ಸೂರ್ಯನ ಮುಖವನ್ನೇ ಕಾಣದ ದಿನಗಳು ಒಂದರ ಹಿಂದೊಂದು ಕಳೆಯುತ್ತವೆ. ದಾರಿ ಕೆಡುತ್ತದೆ, ಸಂಚಾರ ನಿಲ್ಲುತ್ತದೆ, ಮನುಷ್ಯನು ಸೂರಿನ ಕೆಳಗೆ ಸೆರೆಯಾಗುತ್ತಾನೆ. ಈ ಕಾಲವನ್ನು ಕಳೆಯಲು ಈ ಪ್ರಾಂತದ ಪ್ರಾಚೀನರು ಏನು ಏರ್ಪಾಡು ಮಾಡಿಕೊಂಡಿದ್ದರೆಂಬುದಕ್ಕೆ ನಾಸಿಕದ ಗುಹೆಗಳಲ್ಲಿ ಶಿಲಾಕ್ಷರದ ಸಾಕ್ಷ್ಯವಿದೆ.

ಕನ್ನಡಿಗರಿಗೆ ಈ ಸಾಕ್ಷ್ಯವು ಪರಕೀಯವೆನಿಸಬೇಕಾಗಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಯೆಂದೇ ಹೇಳುತ್ತದೆ. ನಾಸಿಕದ 3ನೆಯ ಗುಹೆಯಲ್ಲಿ, ಗೌತಮೀಪುತ್ರ ಶಾತಕರ್ಣಿಯು ತನ್ನ ಆಳ್ವಿಕೆಯ 18ನೆಯ ವರ್ಷದಲ್ಲಿ ಗೋವರ್ಧನದ ಅಮಾತ್ಯನಿಗೆ ಕಳುಹಿಸಿದ ಆಜ್ಞೆಯಲ್ಲಿ 'ವೇಜಯಂತಿ' ಎಂಬ ಶಬ್ದವಿದೆ. ಅದು ವೈಜಯಂತಿ, ಅಂದರೆ ಬನವಾಸಿ, ಎಂದು ಕೆಲವು ವಿದ್ವಾಂಸರೂ, ಸೇನೆಯ ವಿಶೇಷಣ ಮಾತ್ರವೆಂದು ಬೇರೆ ಕೆಲವರೂ ಅರ್ಥಮಾಡಿದ್ದಾರೆ. ಕಾರ್ಲೆಯ ಮಹಾಚೈತ್ಯವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂಬುದರಲ್ಲಂತೂ ಸಂದೇಹವಿಲ್ಲ. ವೇರುಳದ, ಅಂದರೆ ಎಲ್ಲೋರದ, ಕೈಲಾಸ ದೇವಾಲಯವು ರಾಷ್ಟ್ರಕೂಟ ಒಂದನೆಯ ಕೃಷ್ಣನ ಹೆಸರಿನೊಡನೆ ಬೆಸೆದುಕೊಂಡಿರುವುದು ಎಲ್ಲರಿಗೂ ವಿದಿತವೇ ಇದೆ.

ಬೌದ್ಧ ಭಿಕ್ಷುಗಳು ವರ್ಷದ ಒಂಬತ್ತು ತಿಂಗಳು ಸಂಚರಿಸಬೇಕು, ಮಳೆಗಾಲದ ಮೂರು ತಿಂಗಳು ಒಂದೆಡೆ ನಿಲ್ಲಬೇಕು ಎಂಬುದು ನಿಯಮ. ಇದೇ ವರ್ಷಾವಾಸ. ನಾಸಿಕದ ತ್ರಿರಶ್ಮಿ ಪರ್ವತದ ಗುಹೆಗಳು ಈ ವಾಸಕ್ಕೆ ಒದಗಿದ ನೆಲೆಗಳು. ಅಲ್ಲಿಯ 10ನೆಯ ಗುಹೆಯಲ್ಲಿ ಕ್ಷಹರಾತ ನಹಪಾನನ ಅಳಿಯನಾದ ಉಷವದಾತನ ಶಾಸನವಿದೆ. ಅದರ ಕಾಲ 42ನೆಯ ವರ್ಷ. ಶಕವರ್ಷವೆಂದು ಗಣಿಸಿದರೆ ಕ್ರಿ.ಶ. 120ರ ಸುಮಾರು. ಗುಹೆಯನ್ನು ಸಂಘಕ್ಕೆ ಒಪ್ಪಿಸಿದ ಉಷವದಾತನು ಅಷ್ಟಕ್ಕೇ ನಿಲ್ಲದೆ 3,000 ಕಾರ್ಷಾಪಣಗಳ ಅಕ್ಷಯನಿಧಿಯನ್ನು ಇಟ್ಟನು. ಆ ಹಣವು ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ ಇಡಲ್ಪಟ್ಟಿತು. ಒಂದು ಶ್ರೇಣಿಯಲ್ಲಿ 2,000, ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಗೆ. ಇನ್ನೊಂದರಲ್ಲಿ 1,000, ನೂರಕ್ಕೆ ಮುಕ್ಕಾಲರ ಬಡ್ಡಿಗೆ. ಮೂಲಧನವನ್ನು ಮುಟ್ಟುವಂತಿಲ್ಲ, ಬಡ್ಡಿಯನ್ನು ಮಾತ್ರ ಉಪಯೋಗಿಸಬೇಕು. ಈ ಗುಹೆಯಲ್ಲಿ ವರ್ಷಾವಾಸ ಮಾಡುವ ಇಪ್ಪತ್ತು ಮಂದಿ ಭಿಕ್ಷುಗಳಲ್ಲಿ ಒಬ್ಬೊಬ್ಬರಿಗೂ ಬಟ್ಟೆಗಾಗಿ ಹನ್ನೆರಡು ಕಾರ್ಷಾಪಣಗಳು ಸಲ್ಲಬೇಕು.

ಈ ಅಂಕಿಗಳನ್ನು ಗುಣಿಸಿ ನೋಡಿದರೆ ದಾನಿಯ ಎಚ್ಚರವು ಗೋಚರವಾಗುತ್ತದೆ. 2,000ಕ್ಕೆ ತಿಂಗಳಿಗೆ 20ರಂತೆ ವರ್ಷಕ್ಕೆ 240. ಇಪ್ಪತ್ತು ಮಂದಿಗೆ ಹನ್ನೆರಡರಂತೆ ಹಂಚಿದರೂ 240. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮಳೆಗಾಲದಲ್ಲಿ ಯಾವ ಭಿಕ್ಷುವೂ ಬಟ್ಟೆಗಾಗಿ ಮತ್ತೊಬ್ಬನ ದಯೆಯನ್ನು ಕಾಯಬಾರದೆಂಬ ಲೆಕ್ಕವಿದು. ಕರುಣೆಯು ಇಲ್ಲಿ ಭಾವನೆಯಾಗಿ ಉಳಿಯದೆ ಕರಾರಾಗಿದೆ. ನಿಗಮಸಭೆಯಲ್ಲಿ ಘೋಷಿತವಾಗಿ ದಾಖಲೆಯಾಗಿದೆ.

ಮೂರನೆಯ ಶತಮಾನಕ್ಕೆ ಸೇರಿದ ಮತ್ತೊಂದು ಶಾಸನವು ಇದೇ ಗುಹೆಯ ಅಂಗಳದಲ್ಲಿದೆ. ಆಭೀರ ಅರಸ ಈಶ್ವರಸೇನನ ಆಳ್ವಿಕೆಯ 9ನೆಯ ವರ್ಷದಲ್ಲಿ, ಶಕ ಅಗ್ನಿವರ್ಮನ ಮಗಳೂ ಗಣಪಕ ವಿಶ್ವವರ್ಮನ ತಾಯಿಯೂ ಆದ ಉಪಾಸಿಕೆ ವಿಷ್ಣುದತ್ತೆಯು ತ್ರಿರಶ್ಮಿಯಲ್ಲಿ ನೆಲೆಸುವ ಭಿಕ್ಷುಸಂಘದ ರೋಗಿಗಳ ಔಷಧಕ್ಕಾಗಿ ಅಕ್ಷಯನಿಧಿಯನ್ನಿಟ್ಟಳು. ಹಣವನ್ನು ವಹಿಸಿಕೊಂಡ ಶ್ರೇಣಿಗಳಲ್ಲಿ ಎಣ್ಣೆಗಾಣಿಗರೂ ಜಲಯಂತ್ರದ ಕೆಲಸಗಾರರೂ ಇದ್ದರು. ಔಷಧವು ಯಾವ ರೋಗಕ್ಕೆಂದು ಶಾಸನವು ವಿಂಗಡಿಸುವುದಿಲ್ಲ. ಹೊರನಾಡಿನಿಂದ ಬಂದ ವಂಶದ ಹೆಂಗಸೊಬ್ಬಳು, ಮನೆಬಿಟ್ಟು ಬಂದವರ ಕಾಯಿಲೆಯ ದಿನಗಳನ್ನು ಮುಂಗಂಡು, ಊರಿನ ದುಡಿಮೆಗಾರರನ್ನೇ ಅದಕ್ಕೆ ಹೊಣೆಗಾರರನ್ನಾಗಿ ಮಾಡಿದಳೆಂಬುದು ಗಮನಾರ್ಹ.

ಇಷ್ಟಾದರೂ ಗುಹೆಯೊಳಗೆ ಬದುಕು ಹೇಗೆ ಸಾಗುತ್ತಿತ್ತೆಂಬ ಪ್ರಶ್ನೆ ಉಳಿಯುತ್ತದೆ. ನಾಸಿಕದ ಭಿಕ್ಷುಗಳ ನಿಕಾಯಗಳು ಬೇರೆಬೇರೆಯಾಗಿದ್ದರೂ ವರ್ಷಾವಾಸವೂ ಅದರ ಕೊನೆಯ ಪ್ರವಾರಣೆಯೂ ಎಲ್ಲ ನಿಕಾಯಗಳಿಗೆ ಸಮಾನವಾದುದರಿಂದ ಪಾಲಿ ಗ್ರಂಥಗಳ ನೆರವನ್ನು ಪಡೆಯಬಹುದು. ಮಹಾವಗ್ಗದಲ್ಲಿ ಒಂದು ವೃತ್ತಾಂತವಿದೆ. ಕೋಸಲದಲ್ಲಿ ಕೆಲವು ಭಿಕ್ಷುಗಳು ಜಗಳವಿಲ್ಲದೆ ಮಳೆಗಾಲವನ್ನು ಕಳೆಯಬೇಕೆಂದು ಮೂರು ತಿಂಗಳೂ ಪರಸ್ಪರ ಮಾತನ್ನೇ ಆಡದೆ ಇದ್ದರು; ಬಳಿಕ ಬುದ್ಧನ ಬಳಿಗೆ ಬಂದು ತಾವು ಸುಖವಾಗಿದ್ದೆವೆಂದು ಹೇಳಿಕೊಂಡರು. ಬುದ್ಧನು ಮೆಚ್ಚಲಿಲ್ಲ; ಅದು ಪಶುಗಳ ಸಹವಾಸದಂತಾಯಿತೆಂದು ಆಕ್ಷೇಪಿಸಿ, ವರ್ಷಾವಾಸದ ಕೊನೆಯಲ್ಲಿ ಪ್ರತಿಯೊಬ್ಬನೂ ಉಳಿದವರೆದುರು ತನ್ನ ತಪ್ಪುಗಳನ್ನು ಎತ್ತಿ ಹೇಳುವಂತೆ ಕೇಳಿಕೊಳ್ಳುವ ಪ್ರವಾರಣೆಯನ್ನು ವಿಧಿಸಿದನು. ಒಂದೇ ಸೂರಿನಡಿಯ ಮೌನವು ಶಾಂತಿಯಲ್ಲವೆಂಬ ಅರಿವು ಇಲ್ಲಿದೆ.

ಅದೇ ಗ್ರಂಥದ ಇನ್ನೊಂದು ಪ್ರಸಂಗದಲ್ಲಿ, ಅತಿಸಾರದಿಂದ ನರಳುತ್ತ ಯಾರ ಆರೈಕೆಯೂ ಇಲ್ಲದೆ ಬಿದ್ದಿದ್ದ ಭಿಕ್ಷುವನ್ನು ಬುದ್ಧನು ತಾನೇ ಆನಂದನೊಡನೆ ತೊಳೆದು ಮಲಗಿಸುತ್ತಾನೆ. ಬಳಿಕ ಸಂಘವನ್ನು ಸೇರಿಸಿ, ತಾಯಿತಂದೆಯರನ್ನು ಬಿಟ್ಟು ಬಂದವರು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಮತ್ತಾರು ನೋಡಿಯಾರೆಂದು ಕೇಳುತ್ತಾನೆ. ವಿಷ್ಣುದತ್ತೆಯ ನಿಧಿಯು ಈ ಪ್ರಶ್ನೆಗೆ ಗೃಹಸ್ಥರ ಕಡೆಯಿಂದ ಬಂದ ಉತ್ತರದಂತಿದೆ.

ಜಡತೆಯನ್ನು ಕುರಿತ ಉಪದೇಶವೂ ಇದೆ. ಚಿತ್ತವನ್ನು ಮುಚ್ಚುವ ಐದು ಆವರಣಗಳಲ್ಲಿ ಥೀನಮಿದ್ಧ, ಅಂದರೆ ಜಾಡ್ಯ ಮತ್ತು ತೂಕಡಿಕೆ, ಒಂದು. ತೂಕಡಿಸುತ್ತಿದ್ದ ಮೊಗ್ಗಲ್ಲಾನನಿಗೆ ಬುದ್ಧನು ಹೇಳುವ ಉಪಾಯಗಳು ಅಂಗುತ್ತರ ನಿಕಾಯದಲ್ಲಿ ಕ್ರಮವಾಗಿ ಬಂದಿವೆ: ಕಲಿತುದನ್ನು ನೆನೆಯುವುದು, ಗಟ್ಟಿಯಾಗಿ ಪಠಿಸುವುದು, ಕಿವಿಯನ್ನೆಳೆದು ಮೈಯನ್ನು ಉಜ್ಜಿಕೊಳ್ಳುವುದು, ಎದ್ದು ಕಣ್ಣಿಗೆ ನೀರು ಹಾಕಿಕೊಂಡು ನಕ್ಷತ್ರಗಳನ್ನು ನೋಡುವುದು, ಬೆಳಕಿನ ಸಂಜ್ಞೆಯನ್ನು ಮನಸ್ಸಿನಲ್ಲಿ ನಿಲ್ಲಿಸುವುದು, ಅಡ್ಡಾಡುವುದು. ಇವುಗಳಿಂದಲೂ ಆಗದಿದ್ದರೆ ಮಲಗಿ ವಿಶ್ರಮಿಸುವುದಕ್ಕೂ ಅವಕಾಶವಿದೆ. 1984ರ ಬೆಳಕಿನ ಚಿಕಿತ್ಸೆಯನ್ನು ಇಲ್ಲಿ ಕಾಣಹೋಗುವುದು ಅತ್ಯುತ್ಸಾಹವಾದೀತು. ಇಲ್ಲಿಯ ಪ್ರಸ್ತಾಪ ಧ್ಯಾನದ ತೂಕಡಿಕೆಯದು, ರೋಗದ್ದಲ್ಲ. ವರ್ಷಾವಾಸದ ಉದ್ದೇಶವೂ ಮೂಲತಃ ಹಸಿರು ಹುಲ್ಲನ್ನೂ ಕ್ಷುದ್ರಜೀವಿಗಳನ್ನೂ ತುಳಿಯದಿರುವುದು. ಆದರೂ ಮಂಕು ಕವಿದ ಮನಸ್ಸನ್ನು ಬೈಯದೆ ಅದಕ್ಕೆ ಮೆಟ್ಟಲು ಮೆಟ್ಟಲಾಗಿ ಕೆಲಸ ಕೊಟ್ಟಿರುವ ರೀತಿಯು ಆದರಣೀಯವಾಗಿದೆ.

ಛತ್ರಪತಿ ಸಂಭಾಜಿನಗರವು 2023ರವರೆಗೆ ಔರಂಗಾಬಾದ್ ಎಂದು ಪ್ರಸಿದ್ಧವಾಗಿದ್ದ ನಗರ. ಅಲ್ಲಿಂದ ಸುಮಾರು 30 ಕಿಲೋಮೀಟರು ದೂರದ ವೇರುಳದಲ್ಲಿ 5ನೆಯ ಗುಹೆಯು ಉದ್ದನೆಯ ಹಜಾರ. ಅದರ ನಡುವೆ ತಗ್ಗಾದ ಎರಡು ಕಲ್ಲಿನ ಜಗಲಿಗಳು ಒಳಗಿನ ತುದಿಯವರೆಗೆ ಸಮಾನಾಂತರವಾಗಿ ಸಾಗಿವೆ. ಅವು ಸಹಭೋಜನಕ್ಕೋ ಸಹಪಠನಕ್ಕೋ ಎಂಬುದು ನಿರ್ಣಯವಾಗಿಲ್ಲ. ಎರಡರಲ್ಲಿ ಯಾವುದಾದರೂ ಅದು ಸಾಲಾಗಿ ಒಟ್ಟಿಗೆ ಕೂಡುವುದಕ್ಕೆಂದೇ ಕೊರೆದ ಸ್ಥಳ. ನಗರದ ಅಂಚಿನಲ್ಲಿಯೇ ಇರುವ ಬೌದ್ಧ ಗುಹೆಗಳ ಪೈಕಿ 7ನೆಯದರಲ್ಲಿ ಅವಲೋಕಿತೇಶ್ವರನ ಮೂರ್ತಿಯ ಎರಡೂ ಪಕ್ಕಗಳಲ್ಲಿ ಬೆಂಕಿ, ಖಡ್ಗ, ಸೆರೆ, ನೌಕಾಘಾತ, ಸಿಂಹ, ಸರ್ಪ, ಆನೆ ಮೊದಲಾದ ಎಂಟು ಭಯಗಳನ್ನು ಕೆತ್ತಿದ್ದಾರೆ. ಅವುಗಳಲ್ಲಿ ವಿಷಾದವಿಲ್ಲ. ಹೊರಗಿನ ಭಯಕ್ಕೆ ರೂಪವಿದೆ, ಒಳಗಿನ ಕತ್ತಲೆಗೆ ರೂಪವಿಲ್ಲ. ಪಕ್ಕದವನ ಕಣ್ಣಿಗೆ ಅದು ಸುಲಭವಾಗಿ ಬೀಳುವುದಿಲ್ಲವೆಂಬುದೇ ಅದರ ಅಪಾಯ. ಚರಕಸಂಹಿತೆಯಾದರೋ ಅದನ್ನು ಕಂಡಿತ್ತು. ರೋಗವನ್ನು ಬೆಳೆಸುವ ಸಂಗತಿಗಳಲ್ಲೆಲ್ಲ ವಿಷಾದವೇ ಪ್ರಧಾನವೆಂದು ಅದು ಎಣಿಸಿದೆ. ಅದರ ಋತುಚರ್ಯೆಯು ಮಳೆಗಾಲದಲ್ಲಿ ಹಗಲುನಿದ್ರೆಯನ್ನು ನಿಷೇಧಿಸುತ್ತದೆ. ಹೇಮಂತದಲ್ಲಿ ಎಣ್ಣೆಯ ಅಭ್ಯಂಗ, ಬೆಚ್ಚನೆಯ ಮನೆ, ಬಿಸಿಲು ಇವುಗಳನ್ನು ವಿಧಿಸುತ್ತದೆ.

ಈ ಬಿಸಿಲಿನ ವಿಧಿಯು ಶಾಸ್ತ್ರಗ್ರಂಥಗಳಲ್ಲಿ ಮಾತ್ರ ಉಳಿದಿಲ್ಲ. ಬೀದರ, ಕಲಬುರಗಿಗಳ ಕನ್ನಡಿಗರು ಮಾರ್ಗಶಿರದ ಅಮಾವಾಸ್ಯೆಯನ್ನು ಎಳ್ಳಮಾವಾಸ್ಯೆಯೆಂದು ಆಚರಿಸುತ್ತಾರೆ. ಮರಾಠವಾಡದ ಲಾತೂರು, ಧಾರಾಶಿವ ಜಿಲ್ಲೆಗಳಲ್ಲಿಯೂ ಅದೇ ದಿನ ಅದೇ ಹಬ್ಬ ನಡೆಯುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಜಿಲ್ಲೆಗಳೂ ಔರಂಗಾಬಾದೂ ಒಂದೇ ಹೈದರಾಬಾದು ಸಂಸ್ಥಾನದ ಭಾಗಗಳಾಗಿದ್ದವು. ಗಡಿ ಬದಲಾಯಿತು, ಹಬ್ಬ ಬದಲಾಗಲಿಲ್ಲ. ಹಗಲು ಅತ್ಯಂತ ಚಿಕ್ಕದಾಗಿರುವ ದಿನಗಳ ಸುತ್ತಮುತ್ತ ಬರುವ ಈ ಅಮಾವಾಸ್ಯೆಯಂದು ಯಾರೂ ಮನೆಯಲ್ಲಿ ಉಳಿಯುವಂತಿಲ್ಲ. ಮುದುಕರು ಮಕ್ಕಳು ಸಹಿತ ಎಲ್ಲರೂ ಹೊಲಕ್ಕೆ ನಡೆಯುತ್ತಾರೆ, ಬೆಳೆಗೆ ಚರಗ ಚೆಲ್ಲುತ್ತಾರೆ. ಹಲವು ಕಾಯಿಪಲ್ಲೆ ಕಾಳುಗಳನ್ನು ಕೂಡಿಸಿ ಮಾಡಿದ ಭಜ್ಜಿಯನ್ನೂ ಸಜ್ಜೆಯ ರೊಟ್ಟಿಯನ್ನೂ ಅಂಬಲಿಯನ್ನೂ ಬಿಸಿಲಿನಲ್ಲಿ ಕುಳಿತು ಉಣ್ಣುತ್ತಾರೆ. ಹೊಲವಿಲ್ಲದವರನ್ನು ಇದ್ದವರು ಕರೆಯುತ್ತಾರೆ. ಕೆಲವು ದಿನಗಳಲ್ಲಿಯೇ ಸಂಕ್ರಾಂತಿ ಬರುತ್ತದೆ. ಕನ್ನಡಿಗರ ಎಳ್ಳುಬೆಲ್ಲವೂ ಮರಾಠಿಗರ ತಿಳಗುಳವೂ ಮನೆಯಿಂದ ಮನೆಗೆ ಹೋಗುತ್ತವೆ. ಅದನ್ನು ಕೊಡುವುದಕ್ಕಾದರೂ ಬಾಗಿಲು ತಟ್ಟಬೇಕಾಗುತ್ತದೆ, ಮಾತನಾಡಬೇಕಾಗುತ್ತದೆ.

ನೇಕಾರರ ಶ್ರೇಣಿಯ ಬಡ್ಡಿಯಲ್ಲಿಯೂ ಎಳ್ಳಮಾವಾಸ್ಯೆಯ ಕರೆಯಲ್ಲಿಯೂ ಸಮಾನವಾದುದು ಒಂದಿದೆ. ಮಂಕು ಕವಿದವನು ತಾನಾಗಿ ಎದ್ದು ಬಂದು ನೆರವು ಕೇಳಲೆಂದು ಇವು ಕಾಯುವುದಿಲ್ಲ; ಋತುವಿಗೆ ಮುಂಚಿತವಾಗಿಯೇ ಏರ್ಪಾಡು ಸಿದ್ಧವಾಗಿರುತ್ತದೆ. ಜಡತೆಯ ಸ್ವಭಾವವೇ ಕೇಳಲಾರದಂತೆ ಮಾಡುವುದಾದ್ದರಿಂದ ಈ ವಿವೇಕವು ಸಣ್ಣದಲ್ಲ. ಏರ್ಪಾಡುಗಳು ವೈದ್ಯಕ್ಕೆ ಬದಲಲ್ಲ ಎಂಬುದನ್ನೂ ವಿಷ್ಣುದತ್ತೆಯ ಔಷಧನಿಧಿಯೇ ನೆನಪಿಸುತ್ತದೆ. ವಿಷಾದವು ಎರಡು ವಾರಗಳನ್ನು ಮೀರಿ ನಿಂತರೆ ಅದನ್ನು ವೈದ್ಯರಿಗೆ ತೋರಿಸಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು 14416ರ ಕರೆಗೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಓಗೊಡುತ್ತದೆ. ಆದರೆ ಆ ಸಂಖ್ಯೆಯನ್ನು ಒತ್ತುವ ಶಕ್ತಿಯೂ ಕೆಲವರಲ್ಲಿ ಉಳಿದಿರುವುದಿಲ್ಲ.

ತಾಯಿತಂದೆಯರನ್ನು ಊರಿನಲ್ಲಿ ಬಿಟ್ಟು ಪರಸ್ಥಳಗಳಲ್ಲಿ ನೆಲೆಸಿದವರು ಕಟ್ಟಿಕೊಂಡ ಕನ್ನಡ ಸಂಘಗಳು ನಾಡಹಬ್ಬ, ನಾಟಕ, ಉಪನ್ಯಾಸಗಳನ್ನು ನಿಷ್ಠೆಯಿಂದ ನಡೆಸಿಕೊಂಡು ಬಂದಿವೆ. ಸಭೆಗೆ ಬಂದವರ ಲೆಕ್ಕ ಅವುಗಳಲ್ಲಿ ಇರುತ್ತದೆ. ಆಷಾಢದ ಮಳೆಯಲ್ಲಿ, ಪುಷ್ಯದ ಚಳಿಯಲ್ಲಿ, ಬರುತ್ತಿದ್ದವರು ಬಾರದೆ ಹೋದರೆ ಅವರ ಮನೆಯ ಬಾಗಿಲಿಗೆ ಹೋಗಿಬರುವ ಹೊಣೆಯನ್ನು ಒಬ್ಬಿಬ್ಬರು ಸದಸ್ಯರಿಗೆ ಮುಂಚಿತವಾಗಿಯೇ ವಹಿಸಿಕೊಟ್ಟರೆ, ಇಪ್ಪತ್ತು ಮಂದಿಗೆ ಹನ್ನೆರಡರಂತೆ ಲೆಕ್ಕವಿಟ್ಟ ಗೋವರ್ಧನದ ಏರ್ಪಾಡು ಈ ಕಾಲಕ್ಕೂ ಮುಂದುವರಿದಂತಾಗುತ್ತದೆ.